ಎದೆಯ ಮೇಲೆ ಬರೆದುಕೊಂಡ ಬೈಗುಳ

ಯಾರಾದರೂ ಬೈದರೆ ಆ ಬೈಗುಳವನ್ನೇ ನೀವು ಅಂಗಿಯ ಮೇಲೆ ಬರೆಸಿಕೊಳ್ಳುತ್ತೀರಾ? ನ್ಯೂಯಾರ್ಕಿನ ಕೆಲವು ಹೆಂಗಸರು ಬರೆಸಿಕೊಂಡರು. ಸಲಿಂಗಪ್ರೇಮಿ ಹೆಂಗಸರಿಂದ ಮಹಿಳಾ ಚಳವಳಿಗೇ ಕೆಟ್ಟ ಹೆಸರು ಎಂದು ಹೆದರಿದ ನಾಯಕಿ ಬೆಟ್ಟಿ ಫ್ರೀಡನ್, 1969ರಲ್ಲಿ ಅವರನ್ನು 'ಲ್ಯಾವೆಂಡರ್ ಮೆನೇಸ್' ಎಂದಿದ್ದರು. ನೇರಳೆ ಪೀಡೆ ಅನ್ನಿ.

1970ರ ಮೇ 1. ಮಹಿಳಾ ಸಮ್ಮೇಳನದ ಸಭಾಂಗಣದಲ್ಲಿ ಇದ್ದಕ್ಕಿದ್ದಂತೆ ದೀಪ ಆರಿತು. (ಆರಿಸಿದ್ದೂ ಇವರೇ!) ಮತ್ತೆ ಹೊತ್ತಿದಾಗ 17 ಮಂದಿ ನೇರಳೆ ಟೀ ಶರ್ಟ್ ತೊಟ್ಟು ನಿಂತಿದ್ದರು. ಬಣ್ಣ ಅವರೇ ಅದ್ದಿದ್ದು. ಎದೆಯ ಮೇಲೆ ಅದೇ ಎರಡು ಪದ. ಸಭಿಕರ ನಡುವೆ ಸುಮ್ಮನೆ ಕೂತಿದ್ದ ಕಾರ್ಲಾ ಜೇ ಎದ್ದು ಮೇಲಂಗಿಯ ಗುಂಡಿ ಬಿಚ್ಚಿದರು. ಒಳಗೂ ಅದೇ ಟೀ ಶರ್ಟ್! ಜನ ನಕ್ಕರು, ಆಮೇಲೆ ಕೂತು ಕೇಳಿದರು.

ಫ್ರೀಡನ್ ಸೇರಿ ಕಟ್ಟಿದ್ದ 'ನೌ' ಸಂಘಟನೆ 1971ರಲ್ಲಿ ಸಲಿಂಗಪ್ರೇಮಿ ಹೆಂಗಸರ ಹಕ್ಕನ್ನು ಠರಾವು ಮಾಡಿ ಒಪ್ಪಿಕೊಂಡಿತು.