ಇಮ್ಯುನಿಟಿ ಎಂದರೇನು? ಆಂಟಿಜನ್, ಆಂಟಿಬಾಡಿ ಅರ್ಥವೇನು? ಕೋಲ್ಕತ್ತಾದ ಕಾಲರಾ ಹೇಳುವುದೇನು?

ಕೋವಿಡ್ ಬಳಿಕ 'ಇಮ್ಯುನಿಟಿ' ಎಂಬ ಪದ ಕಷಾಯದ ಪ್ಯಾಕೆಟ್ ಮೇಲೂ ಬಂದು ಕುಳಿತಿದೆ. ಆದರೆ ರೋಗನಿರೋಧಕ ಶಕ್ತಿ ಎಂಬುದು ಕುಡಿದು ಹೆಚ್ಚಿಸಿಕೊಳ್ಳುವ ಒಂದೇ ಒಂದು ಶಕ್ತಿಯಲ್ಲ. ಯಾವ ರೋಗಾಣುವಿನ ವಿರುದ್ಧ ಎಂಬ ಪ್ರಶ್ನೆ ಇಲ್ಲಿ ಮುಖ್ಯ. ಕೋಲ್ಕತ್ತಾದ ಕಾಲರಾ ಇತಿಹಾಸ ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಜನ್ಮಜಾತ ಪ್ರತಿರಕ್ಷೆ

ಹುಟ್ಟಿನಿಂದಲೇ ಬರುವ ರಕ್ಷಣೆ ಇದು. ಚರ್ಮ, ಲೋಳೆ, ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳು ಇದರ ಭಾಗ. ಕಲುಷಿತ ನೀರಿನೊಂದಿಗೆ ಹೊಟ್ಟೆ ಸೇರುವ ಕಾಲರಾ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಜಠರದ ಆಮ್ಲದಲ್ಲೇ ಸಾಯುತ್ತವೆ. (ಆಸಿಡಿಟಿ ತಗ್ಗಿಸುವ ಮಾತ್ರೆ ನುಂಗುವವರಿಗೆ ಅಪಾಯ ಹೆಚ್ಚು.) ಬದುಕುಳಿದವು ಸಣ್ಣ ಕರುಳಿನಲ್ಲಿ ವಿಷ ಬಿಡುತ್ತವೆ, ಭೇದಿಗೆ ಕಾರಣ ಆ ವಿಷ. ಮೊಲದ ಕರುಳಿನ ಪ್ರಯೋಗದಿಂದ 1959ರಲ್ಲಿ ಇದನ್ನು ತೋರಿಸಿದವರು ಕೋಲ್ಕತ್ತಾದ ವಿಜ್ಞಾನಿ ಶಂಭುನಾಥ್ ಡೇ.

ಆಂಟಿಜನ್, ಆಂಟಿಬಾಡಿ

ದೇಹ ಗುರುತು ಹಿಡಿಯುವ ರೋಗಾಣುವಿನ ಅಂಶವೇ ಆಂಟಿಜನ್ ಅಥವಾ ಪ್ರತಿಜನಕ. ಅದಕ್ಕೆ ಅಂಟಿಕೊಳ್ಳುವಂತೆ ಬಿ ಕೋಶಗಳಿಂದ ತಯಾರಾಗುವ ಪ್ರೋಟೀನ್ ಆಂಟಿಬಾಡಿ, ಅಂದರೆ ಪ್ರತಿಕಾಯ. ಟಿ ಕೋಶಗಳು ಈ ಕೆಲಸಕ್ಕೆ ನೆರವಾಗುತ್ತವೆ. ಕಾಲರಾ ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆ ಅಂಶವೇ ಅದರ ಪ್ರಮುಖ ಆಂಟಿಜನ್.

ಕವಚ ಬದಲಾದರೆ? 1992ರ ಕೊನೆಗೆ ಚೆನ್ನೈನಲ್ಲಿ, ಬಳಿಕ ಕೋಲ್ಕತ್ತಾ ಹಾಗೂ ಬಾಂಗ್ಲಾದೇಶದಲ್ಲಿ ಓ139 ಎಂಬ ಹೊಸ ಕಾಲರಾ ತಳಿ ಹರಡಿತು. ಹಳೆಯ ಓ1 ತಳಿಗೆ ವರ್ಷಗಳಿಂದ ಒಗ್ಗಿದ್ದ ವಯಸ್ಕರೂ ಆಸ್ಪತ್ರೆ ಸೇರಿದರು. ಅವರ ದೇಹ ದುರ್ಬಲವಾಗಿರಲಿಲ್ಲ. ಹಳೆಯ ಪ್ರತಿಕಾಯಗಳಿಗೆ ಹೊಸ ಕವಚದ ಗುರುತು ಸಿಗಲಿಲ್ಲ, ಅಷ್ಟೇ.

ನೆನಪಿನ ಕೋಶ, ಲಸಿಕೆ

ಒಮ್ಮೆ ಎದುರಾದ ಆಂಟಿಜನ್ ಮತ್ತೆ ಬಂದರೆ ನೆನಪಿನ ಕೋಶಗಳು ಬೇಗನೆ ಎಚ್ಚೆತ್ತುಕೊಳ್ಳುತ್ತವೆ. ರೋಗ ಬರಿಸದೆ ಈ ನೆನಪು ಮೂಡಿಸುವುದೇ ಲಸಿಕೆ. 1894ರಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಕೋಲ್ಕತ್ತಾದ ಬಸ್ತಿಗಳಲ್ಲಿ ಕಾಲರಾ ಚುಚ್ಚುಮದ್ದು ನೀಡಿದ್ದರು. 2006ರಲ್ಲಿ ಅದೇ ನಗರದ ಕೊಳೆಗೇರಿಗಳಲ್ಲಿ ಬಾಯಿಯ ಮೂಲಕ ಎರಡು ಡೋಸ್ ಕೊಡುವ ಲಸಿಕೆಯ ಪರೀಕ್ಷೆ ನಡೆಯಿತು. ಅದರಲ್ಲಿ ಓ1, ಓ139 ಎರಡೂ ಇದ್ದವು. ಐದು ವರ್ಷಗಳಲ್ಲಿ ಒಟ್ಟು ರಕ್ಷಣೆ ಶೇ. 65. ಐದು ವರ್ಷದೊಳಗಿನ ಮಕ್ಕಳಲ್ಲಿ ಮಾತ್ರ ಶೇ. 42ರಷ್ಟೇ.

ಹರ್ಡ್ ಇಮ್ಯುನಿಟಿ

ಸುತ್ತಲಿನ ಹೆಚ್ಚು ಜನರಿಗೆ ರಕ್ಷಣೆ ಇದ್ದಾಗ ಉಳಿದವರಿಗೂ ಸಿಗುವ ಪರೋಕ್ಷ ರಕ್ಷಣೆ ಇದು. ರೋಗಿಗಳು ಕಡಿಮೆಯಾದರೆ ನೀರು ಸೇರುವ ರೋಗಾಣುವೂ ಕಡಿಮೆ. ಕೋಲ್ಕತ್ತಾ ಪರೀಕ್ಷೆಯಲ್ಲೂ ನೆರೆಹೊರೆಯವರು ಹೆಚ್ಚಾಗಿ ಲಸಿಕೆ ಪಡೆದಿದ್ದ ಕಡೆ, ಲಸಿಕೆ ಸಿಗದವರಿಗೆ ಕಾಲರಾ ತಗಲಿದ್ದು ಕಡಿಮೆ.