ಸಾಲುಗಳ ನಡುವಿನ ಟೀಕೆ

ಕನ್ನಡದಲ್ಲಿ ‘ಟೀಕೆ’ ಎಂಬ ಪದಕ್ಕೆ ಎರಡು ಮುಖ. ಓಲೆಗರಿಗಳ ಕಾಲದಲ್ಲಿ ಅದು ಮೂಲಪಠ್ಯದ ಅರ್ಥ ಬಿಡಿಸುವ ವ್ಯಾಖ್ಯಾನ. ಇವತ್ತು ತಪ್ಪು ಎತ್ತಿ ಆಡುವ ಮಾತು. ಲಿನಕ್ಸ್ ಕಟ್ಟಿದವರ ಹಳೆಯ ಇ-ಮೇಲ್‌ಗಳನ್ನು ಓದುವಾಗ ಈ ಎರಡೂ ಅರ್ಥಗಳು ಒಂದೇ ಪತ್ರದಲ್ಲಿ ಜಗಳವಾಡುವುದನ್ನು ಕಂಡಿದ್ದೇನೆ.

1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಮಿನಿಕ್ಸ್ ಬಳಕೆದಾರರಿಗೆ ಒಂದು ಪತ್ರ ಬರೆದರು. ಹವ್ಯಾಸಕ್ಕೆಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ, ಮಿನಿಕ್ಸ್‌ನಲ್ಲಿ ನಿಮಗೆ ಯಾವುದು ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಹೇಳಿ ಎಂದು ಕೇಳಿದ್ದರು. ಸಲಹೆಗಳನ್ನೆಲ್ಲ ಜಾರಿಗೆ ತರುತ್ತೇನೆಂಬ ಭರವಸೆ ಮಾತ್ರ ಕೊಟ್ಟಿರಲಿಲ್ಲ.

ಐದು ತಿಂಗಳಲ್ಲಿ ಟೀಕೆ ಬಂತು. 1992ರ ಜನವರಿ 29ರಂದು ಮಿನಿಕ್ಸ್‌ನ ಕರ್ತೃ, ಆಮ್‌ಸ್ಟರ್‌ಡ್ಯಾಮ್‌ನ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್, ಲಿನಕ್ಸ್ ಈಗಾಗಲೇ ಹಳತು ಎಂದು ಬರೆದರು. ಕರ್ನಲ್ ಒಂದೇ ದೊಡ್ಡ ಪ್ರೋಗ್ರಾಮ್ ಆಗಿರಬೇಕೇ, ಪುಟ್ಟ ತಿರುಳಿನ ಸುತ್ತ ಬಿಡಿಬಿಡಿ ಭಾಗಗಳಾಗಿರಬೇಕೇ ಎಂಬುದು ತಕರಾರು. 22ರ ಹರೆಯದ ಲಿನಸ್ ಕೆಂಡವಾಗಿ ಉತ್ತರಿಸಿದರು. ನೀನು ನನ್ನ ವಿದ್ಯಾರ್ಥಿಯಲ್ಲದ್ದು ನಿನ್ನ ಪುಣ್ಯ, ಇಂಥ ವಿನ್ಯಾಸಕ್ಕೆ ಒಳ್ಳೆಯ ಅಂಕ ಸಿಗುತ್ತಿರಲಿಲ್ಲ ಎಂದು ಪ್ರಾಧ್ಯಾಪಕರೂ ಚುಚ್ಚಿದರು. ಆದರೆ ಲಿನಸ್ ಮರುದಿನವೇ ಕ್ಷಮೆ ಕೇಳಿದ್ದರು. ಹೀಗಲ್ಲಪ್ಪ ಬರೆಯುವುದು ಎಂದು ಸ್ನೇಹದಿಂದ ತಿಳಿಹೇಳಿದ ಒಬ್ಬರ ಪತ್ರಕ್ಕೆ ಧನ್ಯವಾದವನ್ನೂ ಹೇಳಿದ್ದರು. ಕರ್ನಲ್ ಚರ್ಚೆ ಎಲ್ಲರಿಗೂ ಗೊತ್ತು. ನನಗೆ ಆ ಸ್ನೇಹದ ಪತ್ರವೇ ಹೆಚ್ಚು ಮುಖ್ಯವೆನಿಸುತ್ತದೆ.

1995ರ ಅಕ್ಟೋಬರ್‌ನಲ್ಲಿ ‘ಆರ್‌ಎಫ್‌ಸಿ 1855’ ಎಂಬ ಶಿಷ್ಟಾಚಾರದ ಕೈಪಿಡಿ ಬಂತು. ಬರೀ ದೊಡ್ಡಕ್ಷರಗಳಲ್ಲಿ ಬರೆದರೆ ಕಿರುಚಿದಂತೆ, ಸಿಟ್ಟಿನ ಉತ್ತರ ಒಂದು ರಾತ್ರಿ ಕಾಯಲಿ ಎಂಬಂಥ ಮಾತುಗಳು ಅದರಲ್ಲಿವೆ. (ಕನ್ನಡದಲ್ಲಿ ದೊಡ್ಡಕ್ಷರಗಳೇ ಇಲ್ಲ, ಕಿರುಚಲು ನಮಗೆ ಆಶ್ಚರ್ಯಸೂಚಕಗಳೇ ಗತಿ.)

ಕೈಪಿಡಿಗಿಂತ ಲಿನಕ್ಸ್‌ನವರ ರೂಢಿಯೇ ನನಗೆ ಕುತೂಹಲಕರ. ಪ್ಯಾಚನ್ನು ಲಗತ್ತಾಗಿ ಕಳಿಸುವಂತಿಲ್ಲ. ಪತ್ರದ ಒಡಲಲ್ಲೇ ಸಾದಾ ಅಕ್ಷರಗಳಲ್ಲಿ ಇಡಬೇಕು. ಪರಿಶೀಲಿಸುವವರು ಬೇಕಾದ ಸಾಲನ್ನಷ್ಟೇ ಉಳಿಸಿಕೊಂಡು, ಮಿಕ್ಕದ್ದನ್ನು ಕತ್ತರಿಸಿ, ಆ ಸಾಲಿನ ಕೆಳಗೇ ಮಾತು ಬರೆಯುತ್ತಾರೆ: ಇಲ್ಲಿ ಹಾಕಿದ ಲಾಕ್ ಎಲ್ಲಿ ಬಿಡುಗಡೆಯಾಗುತ್ತದೆ? ಮೆಮೊರಿ ಸಿಗದಿದ್ದರೆ ಏನು ಗತಿ? ಮೂಲ, ಅದರಡಿ ಟೀಕೆ, ಮತ್ತೆ ಮೂಲ. ಹಸ್ತಪ್ರತಿ ನೋಡಿದವರಿಗೆ ಈ ಜೋಡಣೆ ಹೊಸದಲ್ಲ. ಬರೆದವರು ತಿದ್ದಿ ಎರಡನೆಯ, ಮೂರನೆಯ ಆವೃತ್ತಿ ಕಳಿಸುತ್ತಾರೆ, ಏನು ಬದಲಾಯಿತೆಂದು ಟಿಪ್ಪಣಿ ಹಾಕುತ್ತಾರೆ. ಒಪ್ಪಿದ ಪರಿಶೀಲಕರ ಹೆಸರೂ ಪ್ಯಾಚ್‌ನೊಂದಿಗೆ ದಾಖಲಾಗುತ್ತದೆ. ಉತ್ತರ ಬಾರದಿದ್ದರೆ ಕನಿಷ್ಠ ಒಂದು ವಾರ ಕಾದು ನೆನಪಿಸಬೇಕು. ಇದು ಬರೀ ನಯವಿನಯವಲ್ಲ, ಪರಿಶೀಲಕರ ಬಿಡುವಿನ ಲೆಕ್ಕ. ಇಂದು ಕರ್ನಲ್ ಬರೆಯುವವರಲ್ಲಿ ಹೆಚ್ಚಿನವರು ಕಂಪನಿಗಳ ಸಂಬಳದವರಾದರೂ ಈ ರೂಢಿ ಉಳಿದಿದೆ.

ಆದರೆ ಇದೇ ಪತ್ರಗಳಲ್ಲಿ ಬೈಗುಳವೂ ಬೆಳೆಯಿತು. 2012ರ ಡಿಸೆಂಬರ್‌ನಲ್ಲಿ ಲಿನಸ್ ಒಬ್ಬ ಹಿರಿಯ ನಿರ್ವಾಹಕರಿಗೆ ಬಾಯಿ ಮುಚ್ಚುವಂತೆ ದೊಡ್ಡಕ್ಷರಗಳಲ್ಲಿ, ಅಶ್ಲೀಲ ಪದ ಸೇರಿಸಿ ಬರೆದರು. ಹೊಸ ಕರ್ನಲ್ ಬಂದು ಹಳೆಯ ಪ್ರೋಗ್ರಾಮ್‌ಗಳು ಕೆಡಬಾರದು ಎಂಬುದು ಅವರ ನಿಯಮ. ನಿಯಮ ಸರಿಯೇ. ಬಿರುನುಡಿಯೇ ಗುಣಮಟ್ಟ ಕಾಯ್ದಿತು ಎನ್ನುವವರು ಇಂದಿಗೂ ಇದ್ದಾರೆ, ನಾನು ಒಪ್ಪುವುದಿಲ್ಲ. ಆ ಪತ್ರದಲ್ಲಿ ಕೋಡ್ ತಿದ್ದಲು ಬೇಕಾದ ಭಾಗವನ್ನು ಸಂಬಂಧಪಟ್ಟ ಸಾಲಿನ ಕೆಳಗೆ ಬರೆಯಬಹುದಿತ್ತು. ಬೈಗುಳ ತೆಗೆದರೂ ಅದು ಕೆಡುತ್ತಿರಲಿಲ್ಲ.

2013ರಲ್ಲಿ ಯುಎಸ್‌ಬಿ 3.0 ಡ್ರೈವರ್ ಬರೆದ ಸೇಜ್ ಶಾರ್ಪ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಸಭ್ಯತೆಯ ನಟನೆ ತನಗಾಗದು ಎಂಬ ಧಾಟಿಯ ಉತ್ತರ ಬಂತು. 2015ರಲ್ಲಿ ಶಾರ್ಪ್ ತಾವು ಕರ್ನಲ್ ಕೆಲಸ ಬಿಟ್ಟದ್ದರ ಕಾರಣವನ್ನು ಬರೆದು ಪ್ರಕಟಿಸಿದರು. 2018ರ ಸೆಪ್ಟೆಂಬರ್ 16ರಂದು ಲಿನಸ್ ಕ್ಷಮೆ ಕೇಳಿ, ಕೆಲವು ವಾರ ಬಿಡುವು ತೆಗೆದುಕೊಂಡರು. ಬೈಗುಳವಿರುವ ಇ-ಮೇಲ್ ಹೊರಹೋಗದಂತೆ ಫಿಲ್ಟರ್ ಹಾಕಿಕೊಳ್ಳಬಹುದೇನೋ ಎಂದೂ ಬರೆದರು. ಅದೇ ಹೊತ್ತಿಗೆ ಯೋಜನೆಗೊಂದು ನಡವಳಿಕೆಯ ಸಂಹಿತೆ ಸೇರಿತು.

ಶಾರ್ಪ್ ಕಾರಣ ಬರೆದಿಟ್ಟು ಹೋದರು. ಒಂದು ಪ್ಯಾಚ್ ಕಳಿಸಿ, ಬಂದ ಉತ್ತರ ಓದಿ, ಎರಡನೆಯದನ್ನು ಕಳಿಸದವರೂ ಇದ್ದಾರೆ. ಕಡತದಲ್ಲಿ ಅವರ ಹೆಸರು ಒಂದೇ ಸಲ ಬರುತ್ತದೆ. ಪರೀಕ್ಷೆ ಬಂತೋ, ಕೆಲಸ ಸಿಕ್ಕಿತೋ, ಆ ಉತ್ತರವೇ ಸಾಕೆನಿಸಿತೋ ಎಂದು ಹೇಳಲು ಅವರ ಇನ್ನೊಂದು ಪತ್ರ ಅಲ್ಲಿಲ್ಲ.