ನೇತ್ರಾವತಿಯ ದಡದ ಜೆಪ್ಪು

ಮಂಗಳೂರಿನ ದಕ್ಷಿಣ ಭಾಗದಲ್ಲಿ, ನೇತ್ರಾವತಿ ನದಿಯು ಕಡಲನ್ನು ಸೇರುವ ಮುನ್ನ ವಿಶಾಲವಾಗಿ ಹರಡಿಕೊಳ್ಳುವೆಡೆ, ಅದರ ಬಲದಂಡೆಯ ಮೇಲೆ ಜೆಪ್ಪು ನೆಲೆಸಿದೆ. ಈ ಊರನ್ನು ಬೆಳೆಸಿದುದು ನದಿಯೇ. ಹೊಳೆಬದಿಯ ಬಯಲುಗಳ ಜೇಡಿಮಣ್ಣು ದೋಣಿಗಳಲ್ಲಿ ದಡಕ್ಕೆ ಬರುತ್ತಿತ್ತು. ಘಟ್ಟದ ಕಾಡುಗಳು ಕಟ್ಟಿಗೆಯನ್ನು ಒದಗಿಸುತ್ತಿದ್ದವು. ಅಳಿವೆಯ ಬಂದರು ಸರಕನ್ನು ದೂರದೇಶಗಳಿಗೆ ಕಳುಹಿಸುತ್ತಿತ್ತು. ಈ ಮೂರು ಅನುಕೂಲಗಳು ಕೂಡಿದ ತಾಣದಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ತರುವಾಯ ಮಂಗಳೂರಿನ ಕಥೋಲಿಕ ಉದ್ಯಮಿಗಳೂ ಈ ಉದ್ಯಮಕ್ಕೆ ಕೈಯಿಕ್ಕಿದರು. 1907ರಲ್ಲಿ ರೈಲುಮಾರ್ಗವು ನೇತ್ರಾವತಿಯನ್ನು ದಾಟಿ ಬಂದಿತು. ಮುಳಿಹುಲ್ಲಿನ ಮಾಡುಗಳಿದ್ದಲ್ಲಿ ಕೆಂಪು ಹಂಚು ಮೆರೆಯಿತು. ಮಂಗಳೂರಿನ ಹೆಸರು ಲೋಕಪ್ರಸಿದ್ಧವಾಯಿತು.

ಕಾಂಕ್ರೀಟಿನ ತಾರಸಿ ಬಂದ ಮೇಲೆ, ಮಣ್ಣು ಕಟ್ಟಿಗೆಗಳೂ ದುರ್ಲಭವಾಗಿ, ಗೂಡುಗಳ ಬೆಂಕಿ ಒಂದೊಂದಾಗಿ ಆರಿತು. ಹಳೆಯ ಹಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಇಂದಿಗೂ ಅಚ್ಚಳಿಯದೆ ನಿಂತಿದೆ. ಆದರೆ ಮಣ್ಣು ಹದಗೊಳಿಸಿ, ಹಂಚು ಒತ್ತಿ, ತಲೆಯ ಮೇಲೆ ಹೊತ್ತ ಸ್ತ್ರೀಪುರುಷರ ಹೆಸರು ಅದರ ಮೇಲಿಲ್ಲ. ಅವರನ್ನು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಆ ಹೆಸರುಗಳನ್ನು ಕೇಳಿ ಬರೆದಿಡುವುದು ನಮ್ಮ ಕರ್ತವ್ಯ. ಅವಿಲ್ಲದೆ ಜೆಪ್ಪುವಿನ ಚರಿತ್ರೆ ಪೂರ್ಣವಾಗದು.